ಅಕ್ಕನ ಕಡ್ಡಾಯ ಸುಖ

ನಮ್ಮಕ್ಕನಷ್ಟು ಸುಖವಾಗಿರುವ ಹೆಂಗಸು ಈ ಊರಲ್ಲಿ ಇನ್ನೊಬ್ಬಳಿಲ್ಲ. ಇದು ನನ್ನ ಮಾತಲ್ಲ, ಅವಳ ಅಳಿಯನದು. ಸುಮ್ಮನೆ ಬಾಯಿಮಾತಿಗೆ ಹೇಳುವ ಜಾತಿಯವನಲ್ಲ ಅವನು. ಭಾನುವಾರದ ಹೋಟೆಲಿನ ಬಿಲ್ಲು, ಪಾರ್ಲರಿನ ಬಿಲ್ಲು, ಟ್ಯಾಕ್ಸಿಯ ಬಿಲ್ಲು ಎಲ್ಲವನ್ನೂ ಮಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಸುಖಕ್ಕೆ ಪುರಾವೆ ಬೇಕಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಅವನಿಂದಲೇ.

ನಾನು ಅಕ್ಕನ ತಂಗಿ. ಆಲ್ಟರೇಶನ್ ಕೆಲಸ ಮಾಡುತ್ತೇನೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಯಾರೋ ಹೊಲಿದದ್ದನ್ನು ಬಿಚ್ಚಿ, ಅವರವರ ಮೈಗೆ ಕೂರುವ ಹಾಗೆ ಮಾಡಿಕೊಡುತ್ತೇನೆ. ಈ ಕೆಲಸದಲ್ಲಿ ಒಂದು ವಿಷಯ ಕಲಿತಿದ್ದೇನೆ. ಅಳತೆ ಕೊಡುವ ದಿನ ಹೊಟ್ಟೆ ಒಳಗೆಳೆದುಕೊಂಡು ನಿಂತವರು, ಆ ಬಟ್ಟೆ ಹಾಕಿಕೊಂಡಷ್ಟು ದಿನವೂ ಹೊಟ್ಟೆ ಒಳಗೆಳೆದುಕೊಂಡೇ ಓಡಾಡಬೇಕು. ನಮ್ಮಕ್ಕ ಹಾಗೆ ಅಳತೆ ಕೊಟ್ಟಿದ್ದು ಹೆರಿಗೆ ಆಸ್ಪತ್ರೆಯಲ್ಲಿ.

ಅಕ್ಕನ ಮಗಳಿಗೆ ಹೆಣ್ಣುಮಗು ಹುಟ್ಟಿತ್ತು. ನಾವಿಬ್ಬರೂ ನೋಡಲು ಹೋದಾಗ ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ ಆಗಲೇ ಬೀಗಿತ್ತಿ ಕೂತಾಗಿತ್ತು. ಬೀಗಿತ್ತಿ ಅಂದರೆ ಅಳಿಯನ ತಾಯಿ. ಕೊರಳಲ್ಲಿ ಮುತ್ತು, ತೊಡೆಯ ಮೇಲೆ ಕರವಸ್ತ್ರ. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಎಲ್ಲೂ ತುಂಡಾಗದ ಹಾಗೆ ಉದ್ದಕ್ಕೆ ಸುಲಿಯುತ್ತಾ, "ನಮ್ಮ ಕಡೆಯಿಂದ ಮಗೂಗೆ ಒಂದು ತುಂಡು ಜಾಗ ಬರೆದಿಟ್ಟಿದ್ದೀವಿ" ಅಂದರು. ದೊಡ್ಡ ವಿಷಯವೇನಲ್ಲ ಅನ್ನುವ ಹಾಗೆ ಹೇಳಿ ಒಂದು ತೊಳೆ ಬಾಯಿಗೆ ಹಾಕಿಕೊಂಡರು.

ನಮ್ಮಕ್ಕ ಹಲ್ಲುಸೆಟ್ಟು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಒಸಡು ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುವುದು ಅವಳ ಕೆಲಸ. ಊರಿನ ಅರ್ಧ ಮುದುಕರು ನಗುವುದು ನಮ್ಮಕ್ಕನ ಹಲ್ಲಿನಿಂದ. ಭಾವ ಇದ್ದಾಗ ಇಬ್ಬರೂ ಸೇರಿ ಮಾಡುತ್ತಿದ್ದರು. ಅವರು ಹೋದಮೇಲೆ ಒಬ್ಬಳೇ ನಡೆಸಿಕೊಂಡು ಬಂದಳು. ಆದಾಯಕ್ಕೆ ಕೊರತೆಯಿರಲಿಲ್ಲ, ಆದರೆ ಬರೆದುಕೊಡಲು ಜಾಗ ಎಲ್ಲಿಂದ ತರುತ್ತಾಳೆ? ಮಗುವಿನ ಮುಖ ನೋಡಿದಳು, ಬೀಗಿತ್ತಿಯ ಮುತ್ತು ನೋಡಿದಳು. "ನಾನು ಮಗೂ ಹೆಸರಿಗೆ ತಿಂಗಳು ತಿಂಗಳು ದುಡ್ಡು ಹಾಕ್ತೀನಿ. ಅವಳು ತನ್ನ ಕಾಲ ಮೇಲೆ ತಾನು ನಿಲ್ಲೋವರೆಗೂ" ಅಂದುಬಿಟ್ಟಳು.

ಅಳಿಯ ತೊಟ್ಟಿಲ ಮೇಲಿಂದ ತಲೆಯೆತ್ತಿದ. ಅವನು ತೆರಿಗೆ ಸಲಹೆಗಾರ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು, ಬೈದು ಕೈತೊಳೆದುಕೊಳ್ಳಬಹುದಿತ್ತು. ಹೆಂಡತಿಯ ಬಟ್ಟೆಗೂ ತಾನೇ ಇಸ್ತ್ರಿ ಹಾಕುತ್ತಾನೆ, ಮಗುವಿಗೆ ಜ್ವರ ಬಂದರೆ ನಿದ್ದೆಗೆಡುತ್ತಾನೆ. ಅವನಿಗಿರುವುದು ಒಂದೇ ರೋಗ, ಅತಿ ಜಾಗ್ರತೆ.

ಅವನು ವಿವರಿಸಿದ್ದು ಇಷ್ಟು. ಇಲ್ಲಿನ ಕಾನೂನಿನಲ್ಲಿ ಮನುಷ್ಯ ಸತ್ತಮೇಲೆ ಬಿಟ್ಟುಹೋದ ಆಸ್ತಿಯಲ್ಲಿ ಸರಕಾರಕ್ಕೊಂದು ಪಾಲು. ಸಾಯುವ ಮುಂಚೆಯೇ ಕೊಟ್ಟು ತಪ್ಪಿಸಿಕೊಳ್ಳೋಣ ಅಂತ ಯಾರಾದರೂ ಜಾಣತನ ಮಾಡಿದರೆ, ಕೊಟ್ಟದ್ದನ್ನೂ ಹುಡುಕಿ ಲೆಕ್ಕಕ್ಕೆ ಸೇರಿಸುತ್ತಾರೆ. ಆದರೆ ಒಂದು ಸಂದಿ ಬಿಟ್ಟಿದ್ದಾರೆ. ಕೂಡಿಟ್ಟದ್ದರಲ್ಲಿ ಅಲ್ಲದೆ ದುಡಿದು ಬಂದದ್ದರಲ್ಲಿ, ಒಂದೇ ಕ್ರಮದಲ್ಲಿ ತಪ್ಪದೆ ಕೊಡುತ್ತಾ ಬಂದಿರಬೇಕು. ಕೊಟ್ಟದ್ದರಿಂದ ಕೊಟ್ಟವರ ಬದುಕಿನ ಮಟ್ಟ ಒಂದಿಷ್ಟೂ ಇಳಿದಿರಬಾರದು. ಹಾಗಿದ್ದರೆ ಆ ಉಡುಗೊರೆಗೆ ತೆರಿಗೆಯಿಲ್ಲ. ಇಳಿದಿತ್ತೋ ಇಲ್ಲವೋ ಅಂತ ನೋಡುವುದು ಮಾತ್ರ ಕೊಟ್ಟವರು ಸತ್ತಮೇಲೆ.

"ಅದಕ್ಕೇ ಕೇಳ್ತಿದ್ದೀನಿ ಅತ್ತೆ, ಈಗ ನಿಮ್ಮ ಜೀವನ ಹೇಗಿದೆ? ವಾರಕ್ಕೆ, ತಿಂಗಳಿಗೆ ಏನೇನು ಖರ್ಚು?" ಅಂತ ಅಳಿಯ ಕೇಳಿದ.

ಬೀಗಿತ್ತಿ ಕಿತ್ತಳೆ ತಿನ್ನುವುದನ್ನು ನಿಲ್ಲಿಸಿದರು. ಅಷ್ಟು ಸಾಕಾಯಿತು.

"ಭಾನುವಾರ ನಾನು ಮನೇಲಿ ಒಲೆ ಹಚ್ಚಲ್ಲಪ್ಪ. ಹೊಳೆ ದಂಡೆ ಹೋಟೆಲಲ್ಲೇ ಊಟ" ಅಂದಳು ನಮ್ಮಕ್ಕ. "ಕೂದಲಿಗೆ ಪಾರ್ಲರು. ಮನೇಲಿ ತಲೆ ತೊಳ್ಕೊಳ್ಳೋದು ನನಗೆ ಆಗಲ್ಲ. ನಾಟಕಮಂದಿರದಲ್ಲಿ ವರ್ಷಾಪೂರ್ತಿಗೆ ಒಂದು ಸೀಟು ತಗೊಂಡಿರ್ತೀನಿ. ಬೇಸಿಗೆ ಮುಗೀತಿದ್ದ ಹಾಗೆ ಒಂದು ವಾರ ಸಮುದ್ರದ ಕಡೆ. ಬಸ್ಸು ಹತ್ತಿ ಎಷ್ಟು ವರ್ಷ ಆಯ್ತೋ, ಎಲ್ಲಿಗೆ ಹೋದ್ರೂ ಟ್ಯಾಕ್ಸೀನೇ."

ನಾನು ಅವಳ ತೊಡೆ ಚಿವುಟಿದೆ. ಆ ಹೊತ್ತಿಗೆ ನಾವಿಬ್ಬರೂ ಬಸ್ಸಿನಲ್ಲಿ ನಿಂತುಕೊಂಡು ಬಂದು ಇನ್ನೂ ಸರಿಯಾಗಿ ಉಸಿರು ತಿರುಗಿರಲಿಲ್ಲ. ಅವಳ ಕೂದಲು ಕತ್ತರಿಸುತ್ತಿದ್ದವಳು ನಾನು, ಅದೂ ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ. ಅವಳಿಗೆ ಮೃಷ್ಟಾನ್ನ ಅಂದರೆ ಬಿಸಿ ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಅದನ್ನು ಕೆಲಸದ ಮೇಜಿನ ಮುಂದೆ ನಿಂತೇ ತಿನ್ನಬೇಕು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಮ್ಮಕ್ಕನ ಮಾತು ಹೋಗಿ ಅಳಿಯನ ತಲೆಯಲ್ಲಿ ಭದ್ರವಾಗಿ ಕೂತಿತು.

ಮುಂದಿನ ಭಾನುವಾರವೇ ಅವನ ಫೋನು. "ಅತ್ತೆ, ಹೋಟೆಲಿಗೆ ಹೊರಟ್ರಾ? ಬಿಲ್ಲು ಎಸೀಬೇಡಿ."

ಅಲ್ಲಿಂದ ಶುರುವಾಯಿತು ಅಕ್ಕನ ಸುಖ. ಪಾರ್ಲರಿನ ಹುಡುಗಿ ಅವಳ ತಲೆಗೆ ಬಿಸಿಗಾಳಿ ಬಿಡುವಾಗ ಕಣ್ಣು ಬಿಗಿಯಾಗಿ ಮುಚ್ಚಿ ಕೂರುತ್ತಿದ್ದಳು, ಯಾರೋ ಅವಳದೇ ಹಲ್ಲು ಕೀಳುತ್ತಿದ್ದಾರೆ ಅನ್ನುವ ಹಾಗೆ. ನಾಟಕಮಂದಿರದಲ್ಲಿ ಪರದೆ ಮೇಲೇಳುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಪಕ್ಕದ ಸೀಟಿನ ಮಹಾಶಯರು ಗೊರಕೆಯ ಬಗ್ಗೆ ದೂರು ಕೊಟ್ಟ ಮೇಲೆ ಎಚ್ಚರವಿರಲು ಬಾಯಲ್ಲಿ ಲವಂಗ ಇಟ್ಟುಕೊಂಡು ಹೋಗತೊಡಗಿದಳು. ನಾನು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೆ. ಮೊದಲೆರಡು ವರ್ಷ ಅವಳೂ ನಗುತ್ತಿದ್ದಳು.

ಸಮುದ್ರಕ್ಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಬೇಸಿಗೆ ಮುಗಿದಮೇಲೆ ಅಂತ ಬಾಯಿತಪ್ಪಿ ಹೇಳಿದ್ದರಿಂದ, ಜನರೆಲ್ಲ ಊರಿಗೆ ಮರಳಿದ ಮೇಲೆ ನಾವು ಹೋಗಬೇಕು. ಖಾಲಿ ದಡ, ಕಿವಿ ಕಿತ್ತುಹೋಗುವಂಥ ಗಾಳಿ, ಮುಚ್ಚಿದ ಅಂಗಡಿಗಳು. ಒಂದು ಸಲ ಇಬ್ಬರೂ ಕೋಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ಒದ್ದೆ ಬೆಂಚಿನ ಮೇಲೆ ಕೂತಿದ್ದೆವು. ಅಕ್ಕ ನೀರಿನ ಕಡೆ ನೋಡುತ್ತಾ, "ಇನ್ನೆಷ್ಟು ವರ್ಷ ಸುಖಪಡ್ಬೇಕೇ?" ಅಂದಳು. ಆಗ ನನಗೆ ನಗು ಬರಲಿಲ್ಲ.

ಇಷ್ಟೆಲ್ಲ ಯಾರಿಗಾಗಿಯೋ ಆ ಮಗುವಿಗೆ ಅಕ್ಕ ಒಂದು ಪೆಪ್ಪರಮೆಂಟೂ ಕೊಡುವ ಹಾಗಿರಲಿಲ್ಲ. ಮಗುವನ್ನು ನಾವು ಗುಬ್ಬಿ ಅನ್ನುತ್ತೇವೆ. ಗುಬ್ಬಿಗೆ ನಡಿಗೆ ಬಂದ ಹೊಸದರಲ್ಲಿ ಅಕ್ಕ ಒಂದು ಜೊತೆ ಕೆಂಪು ಬೂಟು ತಂದಳು. ಅಳಿಯ ಅದನ್ನು ಕೈಯಲ್ಲಿ ಹಿಡಿದು, ಅಡಿಮೇಲು ಮಾಡಿ ನೋಡಿ, "ತುಂಬ ಮುದ್ದಾಗಿದೆ ಅತ್ತೆ. ಆದ್ರೆ ಕೊಡೋದು ಕೊಡ್ತಾನೇ ಇದ್ದೀರಲ್ಲ. ಮಧ್ಯೆ ಮಧ್ಯೆ ಬೇರೆ ಕೊಟ್ರೆ ಕ್ರಮ ಕೆಡತ್ತೆ" ಅಂದ.

"ಬೂಟಿಗೆ ಯಾವ ಸರಕಾರ ತೆರಿಗೆ ಹಾಕತ್ತಪ್ಪಾ?" ಅಂತ ನಾನು ಕೇಳಿದೆ.

"ಹಾಕಲ್ಲ ಚಿಕ್ಕತ್ತೆ. ಆದ್ರೆ ಇಲ್ಲದ ಪ್ರಶ್ನೆ ನಾವ್ಯಾಕೆ ಹುಟ್ಟಿಸ್ಬೇಕು?"

ಬೂಟು ಅಂಗಡಿಗೆ ವಾಪಸ್ಸು ಹೋಯಿತು. ಬೀಗಿತ್ತಿಗೆ ಈ ರಗಳೆ ಇರಲಿಲ್ಲ. ಜಾಗ ಒಂದೇ ಸಲ ಬರೆದುಕೊಟ್ಟು ಮುಗಿಸಿದ್ದರು. ಹಾಗಾಗಿ ಬಂದಾಗಲೆಲ್ಲ ಗೊಂಬೆ, ಬಣ್ಣದ ಪೆಟ್ಟಿಗೆ, ರಿಬ್ಬನ್ನು ತರುತ್ತಿದ್ದರು. ಗುಬ್ಬಿಗೆ ಅವರು ಬರೀ ಅಜ್ಜಿ, ನಾನು ಸಣ್ಣಜ್ಜಿ. ನಮ್ಮಕ್ಕ ಕಣ್ಣಿಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಭಾನುವಾರದ ಊಟದಲ್ಲಿ, ಆದ್ದರಿಂದ ಅವಳು ಹೋಟೆಲಜ್ಜಿ. ಆ ಹೆಸರು ಕೇಳಿದಾಗಲೆಲ್ಲ ಅಕ್ಕ ನಗುತ್ತಿದ್ದಳು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೋ ಏನೋ, ಅಕ್ಕನ ಹೆಬ್ಬೆರಳು ಕೈಕೊಡದಿದ್ದರೆ. ಹಲ್ಲು ಕೂರಿಸುವುದು ಹೆಬ್ಬೆರಳಿನ ಕೆಲಸ. ಮೇಣದ ಒಸಡಿನ ಮೇಲೆ ಒಂದೊಂದೇ ಹಲ್ಲನ್ನು ಇಟ್ಟು, ಬಿಸಿ ಚಾಕುವಿನಿಂದ ಸುತ್ತ ಕರಗಿಸಿ, ಹೆಬ್ಬೆರಳಿನಲ್ಲಿ ಒತ್ತಿ ಒಂದು ಕೂದಲೆಳೆಯಷ್ಟು ಆಚೀಚೆ ಮಾಡಬೇಕು. ಎಲ್ಲಾ ನೆಟ್ಟಗೆ ಕೂರಿಸಿದರೂ ತಪ್ಪು, ಹಲ್ಲು ಸುಳ್ಳು ಅಂತ ನೋಡಿದವರಿಗೆ ತಿಳಿಯುತ್ತದೆ. ಇಷ್ಟು ವರ್ಷ ಒತ್ತಿ ಒತ್ತಿ ಬುಡದ ಕೀಲು ಸವೆದುಹೋಗಿತ್ತು. ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರ ಸೆಟ್ಟು ವಾಪಸ್ಸು ಬಂತು. ಕೋರೆಹಲ್ಲು ಸೊಟ್ಟಗೆ ಕೂತು ಮೇಷ್ಟ್ರ ತುಟಿ ಗಾಯವಾಗಿತ್ತು.

ನಾನು ಹೋದಾಗ ಅಕ್ಕ ಆ ಸೆಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಳು. "ಕೈ ನನ್ನ ಮಾತು ಕೇಳ್ತಿಲ್ಲ ಕಣೇ. ಸಾಕು ಅನ್ನಿಸ್ತಿದೆ" ಅಂದಳು.

"ಸಾಕು ಅನ್ನಿಸಿದ್ರೆ ಸಾಕು ಮಾಡು. ನನ್ನ ಜೊತೆ ಬಂದಿರು" ಅಂದೆ.

ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತದು. ನಾನಿರುವುದು ಒಂದು ಬೇಕರಿಯ ಮೇಲೆ. ನನ್ನ ಕೋಣೆಯ ಹಿಂದೆ ಇನ್ನೊಂದು ಕೋಣೆ ಖಾಲಿಯಾಗಿತ್ತು. ಕೆಳಗಿನ ಒಲೆಯ ಹೊಗೆಗೂಡು ಅದರ ಗೋಡೆಯೊಳಗೇ ಹಾದುಹೋಗುವುದರಿಂದ ಗೋಡೆ ಯಾವಾಗಲೂ ಬೆಚ್ಚಗಿರುತ್ತದೆ. ಅಕ್ಕ ಒಳಗೆ ಬಂದವಳೇ ಆ ಗೋಡೆಗೆ ಅಂಗೈ ಇಟ್ಟು ನಿಂತಳು, ಮತ್ತೆ ಹೆಬ್ಬೆರಳು ಒತ್ತಿ ನೋಡಿದಳು. "ಇಲ್ಲಿ ಮಂಚ ಹಾಕ್ಕೊಂಡ್ರೆ ಕೈ ಗೋಡೆಗೆ ಆನ್ಸಿ ಮಲಗಬಹುದು" ಅಂದಳು. ಅವಳ ಮುಖ ನೋಡಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಅಲ್ಲೇ ಅತ್ತುಬಿಟ್ಟೆ. ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಅವಳ ಮದುವೆಗೆ ಮುಂಚೆ. ಬೇಕರಿಯವನಿಗೆ ಆ ಕೋಣೆ ಹಿಟ್ಟಿನ ಮೂಟೆ ಇಡಲು ಬೇಕಾಗಿತ್ತು. ಕೈಕಾಲು ಹಿಡಿದು, ಈ ತಿಂಗಳ ಕೊನೆಯವರೆಗೆ ತಡೆಯಪ್ಪ ಅಂತ ಒಪ್ಪಿಸಿದೆ.

ಅಕ್ಕ ಅಳಿಯನಿಗೆ ಹೇಳಿದಳು. ಅವನು ಆ ಸಂಜೆಯೇ ಬಂದ. ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಹೆಬ್ಬೆರಳು ನೋಡಿದ, ಒಳ್ಳೆಯ ಮೂಳೆ ಡಾಕ್ಟರ ಹೆಸರು ಹೇಳಿದ. ಆಮೇಲೆ ತಲೆ ಆಡಿಸಿದ.

"ಕೆಲಸ ಬಿಟ್ರೆ ಆದಾಯ ನಿಲ್ಲತ್ತೆ. ಆಮೇಲೆ ಕೊಡೋದು ಕೂಡಿಟ್ಟಿದ್ದರಿಂದ ಕೊಟ್ಟ ಹಾಗೆ. ಅದು ಆಗಲ್ಲ" ಅಂದ.

"ಹಾಗಾದ್ರೆ ಕೊಡೋದು ನಿಲ್ಲಿಸ್ತೀನಿ."

"ನಿಲ್ಲಿಸಿ ಬೇಕರಿ ಮೇಲಿನ ಕೋಣೆಗೆ ಹೋಗ್ತೀರಾ ಅತ್ತೆ? ನಾಳೆ ತೆರಿಗೆಯೋರು ನೋಡಿ ಏನಂತಾರೆ? ಈಯಮ್ಮ ಕೊಟ್ಟೂ ಕೊಟ್ಟೂ ಬರಿಗೈ ಆಗಿ, ಮನೆ ಬಿಟ್ಟು ತಂಗಿ ಹತ್ರ ಹೋಗಿ ಸೇರ್ಕೊಂಡ್ಲು ಅಂತಾರೆ. ಇಷ್ಟು ವರ್ಷ ಕೊಟ್ಟಿದ್ದಕ್ಕೆಲ್ಲ ಕೊಕ್ಕೆ ಹಾಕ್ತಾರೆ. ಇನ್ನು ಸ್ವಲ್ಪ ವರ್ಷ ಅಷ್ಟೇ, ಗುಬ್ಬಿ ದೊಡ್ಡವಳಾಗಲಿ."

ಗುಬ್ಬಿಗೆ ಆಗ ಮುಂದಿನ ಹಲ್ಲು ಅಲ್ಲಾಡುತ್ತಿತ್ತು, ಅಷ್ಟು ದೊಡ್ಡವಳು. ನಾನು ಲೆಕ್ಕದಲ್ಲಿ ದಡ್ಡಿ, ಆದರೂ ಅವಳು ದೊಡ್ಡವಳಾಗುವ ಹೊತ್ತಿಗೆ ನಮ್ಮಕ್ಕ ಏನಾಗಿರುತ್ತಾಳೆ ಅಂತ ತಿಳಿಯಲು ಲೆಕ್ಕ ಬೇಕಿರಲಿಲ್ಲ. ಅಕ್ಕನ ಸ್ವಭಾವ ಅಂದರೆ, ಯಾರಾದರೂ ಸಮಾಧಾನದಿಂದ ವಿವರಿಸಿದರೆ ಅವಳ ಬಾಯಿ ಕಟ್ಟಿಹೋಗುತ್ತದೆ. ನನ್ನ ಹಾಗೆ ಕೂಗಾಡಿದರೆ ತಿರುಗಿ ಕೂಗಾಡುತ್ತಾಳೆ.

ಅವನು ಹೋದಮೇಲೆ ನಾನೇ ಬಾಯಿ ಬಿಟ್ಟೆ. "ಇದಕ್ಕೆಲ್ಲ ಬುಡ ಯಾವುದು? ಅವತ್ತು ನೀನು ಹೊಡೆದ ಜಂಬ. ಅದು ಸುಳ್ಳು ಅಂತ ಹೇಳಿಬಿಡು. ನಿನ್ನ ಬದುಕಿನ ಮಟ್ಟ ಹಾಲು ಬ್ರೆಡ್ಡೇ ಆಗಿತ್ತು ಅಂದ್ಮೇಲೆ, ಬೇಕರಿ ಮೇಲಿನ ಕೋಣೆ ಅದಕ್ಕಿಂತ ಇಳೀಲಿಲ್ವಲ್ಲ. ಅವನ ಕಾನೂನಿಗೂ ಸರಿಹೋಯ್ತು."

ಅಕ್ಕ, "ಬೀಗಿತ್ತಿ ಮುಂದೆ?" ಅಂದಳು.

"ಅವರ ಮುಂದೆ ಹೇಳಿದ್ದು ಅವರ ಮುಂದೆಯೇ ವಾಪಸ್ಸು ತಗೋ. ಒಂದು ಸಲ ಮಾನ ಹೋಗತ್ತೆ. ಹೋದ್ರೆ ಹೋಗ್ಲಿ, ನನ್ನ ಹತ್ರ ಬಾ, ಹೊಲಿದುಕೊಡ್ತೀನಿ."

ಅದಕ್ಕೆ ನಕ್ಕಳು. ಆ ತಿಂಗಳ ಕೊನೆಯ ಭಾನುವಾರಕ್ಕೆ ಬೀಗಿತ್ತಿಯೂ ಊಟಕ್ಕೆ ಬರುವುದಿತ್ತು. ಅಲ್ಲಿಯೇ ಹೇಳುವುದು ಅಂತ ತೀರ್ಮಾನವಾಯಿತು. ನಾನು ಹಿಂದಿನ ದಿನವೇ ಆ ಕೋಣೆಯನ್ನು ಗುಡಿಸಿ, ಕಿಟಕಿಗೆ ಪರದೆ ಹೊಲಿದು ಹಾಕಿದ್ದೆ. ಆಸೆ ಅನ್ನುವುದು ಎಂಥ ಬುದ್ಧಿವಂತರನ್ನೂ ದಡ್ಡರನ್ನಾಗಿ ಮಾಡುತ್ತದೆ, ನನ್ನನ್ನು ಮಾಡದೆ ಬಿಟ್ಟೀತೆ?

ಹೊಳೆ ದಂಡೆಯ ಹೋಟೆಲಿನಲ್ಲಿ ಅಕ್ಕನಿಗೆ ಒಂದು ಖಾಯಂ ಮೇಜಿದೆ, ಗಾಜಿನ ಪಕ್ಕದಲ್ಲಿ. ಅವಳು ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಾಳೆ. ಆ ದಿನ ಅವಳ ಎಡಕ್ಕೆ ನಾನು, ಬಲಕ್ಕೆ ಗುಬ್ಬಿ, ಎದುರಿಗೆ ಮಗಳು, ಅಳಿಯ ಮತ್ತು ಬೀಗಿತ್ತಿ. ಸೂಪು ಬಂತು. ಗುಬ್ಬಿ ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ಮುಂದಕ್ಕೆ ತಳ್ಳಿ ತಳ್ಳಿ ಎಲ್ಲರಿಗೂ ತೋರಿಸುತ್ತಿದ್ದಳು. ಅಕ್ಕ ಚಮಚ ಕೆಳಗಿಟ್ಟು ನೇರವಾಗಿ ಕೂತಳು.

"ನಾನೊಂದು ಮಾತು ಹೇಳ್ಬೇಕು" ಅಂದಳು. "ಗುಬ್ಬಿ ಹುಟ್ಟಿದಾಗ ಆಸ್ಪತ್ರೇಲಿ ಹೇಳಿದ್ನಲ್ಲ, ಹೋಟೆಲು, ಪಾರ್ಲರು, ನಾಟಕ, ಸಮುದ್ರ ಅಂತ. ಅದೆಲ್ಲ ಸುಳ್ಳು. ನಾನು ಅದುವರೆಗೆ ಈ ಹೋಟೆಲ ಮೆಟ್ಟಿಲು ಹತ್ತಿರ್ಲಿಲ್ಲ. ಅವತ್ತು ಆಸ್ಪತ್ರೆಗೂ ಬಸ್ಸಲ್ಲೇ ಬಂದಿದ್ದೆ. ಬೀಗರ ಮುಂದೆ ಕಡಿಮೆ ಕಾಣಿಸ್ಬಾರ್ದು ಅಂತ ಹೇಳಿಬಿಟ್ಟೆ."

ಅವಳ ಕಿವಿಯೆಲ್ಲ ಕೆಂಪಾಗಿತ್ತು. ನಾನು ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡೆ. ಮೊದಲು ಮಾತಾಡಿದ್ದು ಬೀಗಿತ್ತಿ.

"ಅಯ್ಯೋ, ಅದಾ? ಅವತ್ತೇ ಗೊತ್ತಿತ್ತಲ್ಲ" ಅಂದರು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಪಾರ್ಲರಿಗೆ ಹೋಗೋರ ಕೂದಲು ಹಾಗಿರತ್ತಾ? ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ನಾನು ಏನೂ ಅನ್ಕೊಳ್ಳಲಿಲ್ಲ ಬಿಡಿ."

ಅಷ್ಟು ವರ್ಷದ ಪಾರ್ಲರು, ಅಷ್ಟು ವರ್ಷದ ಗಾಳಿ, ಚಳಿ. ಕಾಪಾಡಿಕೊಂಡ ಮಾನ ಮೊದಲ ದಿನವೇ ಹೋಗಿತ್ತು. ಕತ್ತರಿ ಹಿಡಿದವಳು ನಾನೇ ಆದ್ದರಿಂದ ನನಗೂ ತಲೆ ತಗ್ಗಿತು. ಆದರೂ ಒಳಗೊಳಗೆ ಸಮಾಧಾನವಾಯಿತು, ಇನ್ನು ಬಾಗಿಲು ತೆರೆಯಿತು ಅಂತ.

ಅಳಿಯ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಅವನಿಗೆ ಸಿಟ್ಟು ಬಂದಿರಲಿಲ್ಲ, ಪಾಪ, ಮರುಕವೇ ಬಂದಿತ್ತು. "ಹೇಳಿದ್ದು ಒಳ್ಳೇದಾಯ್ತು ಅತ್ತೆ. ಆದ್ರೆ ಅದರಿಂದ ಈಗ ಏನೂ ವ್ಯತ್ಯಾಸ ಆಗಲ್ಲ. ಗುಬ್ಬಿಗೆ ಕೊಡೋ ದುಡ್ಡು ನಿಲ್ಲಿಸಿ ಚಿಕ್ಕತ್ತೆ ಮನೆಗೆ ಹೋಗೋ ಹಾಗಿಲ್ಲ" ಅಂದ.

"ಯಾಕೆ ಆಗಲ್ಲ? ಸುಳ್ಳು ಅಂತ ಅವಳೇ ಒಪ್ಕೋತಿದ್ದಾಳಲ್ಲ" ಅಂದೆ ನಾನು.

"ಆಗ ಸುಳ್ಳಾಗಿತ್ತು ಚಿಕ್ಕತ್ತೆ. ಆಮೇಲೆ ಪ್ರತಿ ವಾರ ಬಂದಿದ್ದಾರೆ, ಪ್ರತಿ ವರ್ಷ ಹೋಗಿದ್ದಾರೆ. ಈಗ ಅವರ ಬದುಕು ಅಂದ್ರೆ ಇದೇ. ಈಗ ಇದೇ ನಿಜ."

ಅಕ್ಕ ನನ್ನ ಕೈ ಬಿಟ್ಟಳು. ಅವಳು ಗಾಜಿನಲ್ಲಿ ಕಾಣುತ್ತಿದ್ದ ತನ್ನದೇ ಮುಖದ ಕಡೆ ನೋಡಿದಳು. ಪಾರ್ಲರಿನ ಕೂದಲು, ಎರಡೂ ಕಡೆ ಸಮವಾಗಿ.

ಮಗಳು ಅಮ್ಮನ ಕಡೆ ಬಗ್ಗಿದಳು. ಅವಳ ಕಣ್ಣಲ್ಲಿ ನೀರಿತ್ತು. "ಅಮ್ಮ, ನಿನಗೆ ಇದೆಲ್ಲ ಇಷ್ಟ ಅಂದ್ಕೊಂಡಿದ್ದೆ" ಅಂದಳು. "ಅಪ್ಪ ಇದ್ದಾಗ ನೀನು ಎಲ್ಲಿಗೂ ಹೋಗ್ಲಿಲ್ಲ, ಏನೂ ತಗೊಳ್ಳಲಿಲ್ಲ. ಗುಬ್ಬಿ ನೆಪದಲ್ಲಾದ್ರೂ ನಮ್ಮಮ್ಮ ಸುಖವಾಗಿದ್ದಾಳೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ದೆ."

ಅಳಿಯನ ಕಾನೂನಿಗಿಂತ ಇದು ಗಟ್ಟಿ ಬೀಗ. ಅಕ್ಕ ಅದನ್ನು ತಾನೇ ಹಾಕಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ. ಮಗಳ ಕಡೆ ನೋಡಿ ಸ್ವಲ್ಪ ನಕ್ಕಳು. "ಇಷ್ಟ ಇಲ್ಲ ಅಂತಲ್ವೇ..." ಅಂದಳು.

ಗುಬ್ಬಿ ಎಲ್ಲರ ಮುಖವನ್ನೂ ನೋಡುತ್ತಿದ್ದಳು. ಅಜ್ಜಿಯ ತೋಳು ಎಳೆದು, "ಹೋಟೆಲಜ್ಜಿ, ನೀನು ನಂಗೆ ದುಡ್ಡು ಕೊಡ್ತೀಯಾ?" ಅಂತ ಕೇಳಿದಳು.

"ಕೊಡ್ತೀನಿ ಪುಟ್ಟ. ತಿಂಗಳು ತಿಂಗಳು."

"ಎಲ್ಲಿದೆ?"

"ಬ್ಯಾಂಕಲ್ಲಿ. ನೀನು ದೊಡ್ಡವಳಾದ್ಮೇಲೆ ಸಿಗತ್ತೆ."

ಗುಬ್ಬಿ ಹಲ್ಲನ್ನು ನಾಲಿಗೆಯಿಂದ ತಳ್ಳುತ್ತಾ ಯೋಚಿಸಿದಳು. "ಅದಕ್ಕೇ ನೀನು ಸಣ್ಣಜ್ಜಿ ಮನೆಗೆ ಹೋಗೋ ಹಾಗಿಲ್ವಾ? ಹಾಗಾದ್ರೆ ನಂಗೆ ಬೇಡ."

ಇಡೀ ಮೇಜಿನಲ್ಲಿ ಯಾರೂ ಹೇಳಲಾರದ ಮಾತು ಅದು. ಅಳಿಯ ಕೈಚಾಚಿ ಗುಬ್ಬಿಯ ತಲೆ ಸವರಿ, ನಕ್ಕು, "ಬೇಡ ಅನ್ನೋದಕ್ಕೂ ದೊಡ್ಡವಳಾಗಿರ್ಬೇಕು ಕಂದ. ಈಗ ನೀನು ಬೇಡ ಅಂದ್ರೂ ಅದು ಲೆಕ್ಕಕ್ಕೆ ಬರಲ್ಲ" ಅಂದ. ಅವನು ತಮಾಷೆಗೆ ಹೇಳಲಿಲ್ಲ. ಕಾನೂನು ಹಾಗೇ ಇದೆಯಂತೆ. ಕೊಡುವವಳು ನಿಲ್ಲಿಸುವ ಹಾಗಿಲ್ಲ, ತೆಗೆದುಕೊಳ್ಳುವವಳು ಬೇಡ ಅನ್ನುವ ಹಾಗಿಲ್ಲ.

ಅದೇ ಹೊತ್ತಿಗೆ ಹಲ್ಲು ಬಿತ್ತು. ಬ್ರೆಡ್ಡಿನ ಗಟ್ಟಿ ಅಂಚು ಕಚ್ಚಿದ್ದಳು ಅಂತ ಕಾಣುತ್ತದೆ. ಅಂಗೈಗೆ ಉಗುಳಿಕೊಂಡು, ಒಂದು ಚೂರು ರಕ್ತ ನೋಡಿ, ಅಳಬೇಕೋ ನಗಬೇಕೋ ತಿಳಿಯದೆ ಅಜ್ಜಿಯ ಕಡೆಗೇ ಚಾಚಿದಳು. ಅಕ್ಕ ಆ ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಕೆಲಸದ ಮೇಜಿನ ಮುಂದೆ ಅವಳ ಮುಖ ಹೇಗಿರುತ್ತದೋ ಹಾಗಾಯಿತು.

"ನೀನು ಎಲ್ಲಾರಿಗೂ ಹಲ್ಲು ಮಾಡಿಕೊಡ್ತೀಯಂತೆ" ಅಂದಳು ಗುಬ್ಬಿ, ಸಂದಿಯಿಂದ ಗಾಳಿ ಬಿಡುತ್ತಾ. "ನಂಗೇನೂ ಕೊಟ್ಟಿಲ್ಲ ನೀನು, ಯಾವತ್ತೂ. ಒಂದು ಹಲ್ಲು ಮಾಡಿಕೊಡು."

ಅಳಿಯ ಏನೋ ಹೇಳಲು ಬಾಯಿ ತೆರೆದ. ಕ್ರಮ ಕೆಡುತ್ತದೆ ಅನ್ನುತ್ತಿದ್ದನೋ ಏನೋ. ನಾನು ಅವನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿದ.

"ನಿನಗೆ ಬೇಕಾಗಿಲ್ಲ ಕಣೇ" ಅಂದಳು ಅಕ್ಕ. "ನಿನ್ನ ಹಲ್ಲು ತಾನಾಗೇ ಬರತ್ತೆ. ಅದನ್ನ ಯಾರೂ ಕೊಡಬೇಕಾಗಿಲ್ಲ." ಗುಬ್ಬಿಯ ಬಾಯಿ ಒರೆಸಿ, ಬಿದ್ದ ಹಲ್ಲನ್ನು ಅವಳ ಅಂಗೈಗೇ ಇಟ್ಟು ಬೆರಳು ಮಡಿಸಿದಳು.

ಊಟ ಮುಗಿಯಿತು. ಅಕ್ಕನೇ ದುಡ್ಡು ಕೊಟ್ಟಳು, ಯಾವಾಗಲೂ ಕೊಡುವ ಹಾಗೆ. ಬಿಲ್ಲನ್ನು ಅಳಿಯನ ಕೈಗೆ ಕೊಟ್ಟಳು. ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ ನನ್ನ ಹತ್ತಿರ ಬಂದು ಮೆಲ್ಲಗೆ, "ಚಿಕ್ಕತ್ತೆ, ಇಷ್ಟು ವರ್ಷ ನೀವೇ ಹತ್ತಿರದಿಂದ ನೋಡಿದ್ದೀರಿ. ನಾಳೆ ಅತ್ತೆ ಇಲ್ಲದಾಗ ತೆರಿಗೆಯೋರು ಬಂದು ಕೇಳಿದ್ರೆ, ಅವರು ಆರಾಮಾಗಿದ್ರು ಅಂತ ನೀವೂ ಒಂದು ಮಾತು ಹೇಳ್ಬೇಕಾಗತ್ತೆ" ಅಂದ.

"ನಾನ್ಯಾಕೆ ಹೇಳ್ಲಿ? ಅವಳಿಗಿಂತ ಮುಂಚೆ ನಾನೇ ಸಾಯ್ತೀನಿ, ನೋಡ್ತಿರು" ಅಂದೆ. ಬೇರೆ ಏನು ಹೇಳಲಿ?

ಬೀಗಿತ್ತಿಯನ್ನು ಕೂರಿ‌ಸಿಕೊಂಡು ಅವರ ಕಾರು ಹೋಯಿತು. ಹಿಂದಿನ ಗಾಜಿನಿಂದ ಗುಬ್ಬಿ ಸಂದಿ ತೋರಿಸಿ ನಕ್ಕಳು. ನಾವಿಬ್ಬರೂ ಹೋಟೆಲ ಮುಂದಿನ ರಸ್ತೆಯಲ್ಲಿ ನಿಂತೆವು. ನನ್ನ ಬಸ್ಸು ಬರುವುದು ಆಚೆ ಬದಿಯಲ್ಲಿ. ಅಕ್ಕ ನನ್ನ ಜೊತೆ ರಸ್ತೆ ದಾಟಲು ಒಂದು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಅವಳು ಬಸ್ಸು ಹತ್ತುವವಳಲ್ಲವಲ್ಲ. ಕೈಯೆತ್ತಿ ಟ್ಯಾಕ್ಸಿ ನಿಲ್ಲಿಸಿದಳು.

"ಕೋಣೆ?" ಅಂದೆ. ಗೊತ್ತಿದ್ದೂ ಕೇಳಿದೆ.

"ಮೂಟೆ ಇಟ್ಕೊಳ್ಳೋಕೆ ಹೇಳು ಅವನಿಗೆ. ಗೋಡೆ ಬೆಚ್ಚಗಿದೆ, ಹಿಟ್ಟು ಮುಗ್ಗಲಾಗಲ್ಲ."

ಟ್ಯಾಕ್ಸಿಯಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಹೆಬ್ಬೆರಳಿಗೆ ನೋವಾಯಿತೇನೋ, ಮುಖ ಕಿವುಚಿದಳು. ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದಳು. ಇನ್ನೇನು ಗುಟ್ಟು ಹೇಳುತ್ತಾಳೋ ಅಂತ ಬಗ್ಗಿದೆ.

"ಅವನು ನಿನ್ನ ಹತ್ರ ಏನು ಕೇಳ್ದ ಅಂತ ಕೇಳಿಸ್ತು. ಯಾರಾದ್ರೂ ಬಂದು ಕೇಳಿದ್ರೆ ಹೇಳಿಬಿಡೇ, ಚೆನ್ನಾಗಿದ್ಲು ಅಂತ. ಹಟ ಮಾಡ್ಬೇಡ. ಮಗೂ ದುಡ್ಡು."

ನನ್ನ ಬಾಯಿ ಎಂಥದ್ದು ಅಂತ ಊರಿಗೇ ಗೊತ್ತು. ಗಿರಾಕಿಗಳು ನನ್ನ ಕತ್ತರಿಗಿಂತ ನನ್ನ ನಾಲಿಗೆಗೆ ಹೆದರುತ್ತಾರೆ. ಅವಳು ಕಾಯುತ್ತಿದ್ದಳು, ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ.

"ಹೂಂ" ಅಂದೆ.

ಟ್ಯಾಕ್ಸಿ ಹೊರಟಿತು. ನಾನು ರಸ್ತೆ ದಾಟಿ ಬಸ್ಸಿಗೆ ಕಾದು ನಿಂತೆ.